ಬಂದ ಚೆಂಡು ಕಾಲಲ್ಲೇ ಉಳಿಯಬೇಕಾದರೆ...

ನಮ್ಮ ಧರ್ಮಕೇಂದ್ರಗಳ ಮೈದಾನಗಳಲ್ಲಿ ಫುಟ್ಬಾಲ್ ತರಬೇತಿ ಎಂದರೆ ಒದೆಯುವುದನ್ನು ಕಲಿಸುವುದು ಎಂದೇ ನಡೆದುಕೊಂಡು ಬಂದಿದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಗೋಲು ಕಂಬದತ್ತ ಒಬ್ಬೊಬ್ಬರಾಗಿ ಒದೆಸುವುದು, ಕೊನೆಗೆ ಎರಡು ತಂಡ ಮಾಡಿ ಆಡಿಸುವುದು, ಅಲ್ಲಿಗೆ ಸಂಜೆಯ ಅಭ್ಯಾಸ ಮುಗಿಯಿತು. ಆದರೆ ಪಂದ್ಯದಲ್ಲಿ ಒಬ್ಬ ಹುಡುಗ ಗೋಲಿನತ್ತ ಒದೆಯುವುದು ಒಂದೆರಡು ಬಾರಿ ಮಾತ್ರ. ಜೊತೆಗಾರನಿಂದ ಬಂದ ಚೆಂಡನ್ನು ತನ್ನದಾಗಿಸಿಕೊಳ್ಳಬೇಕಾದ ಸಂದರ್ಭ ಹತ್ತಾರು ಬಾರಿ ಬರುತ್ತದೆ. ಹೆಚ್ಚು ಬಾರಿ ಮಾಡಬೇಕಾದ ಕೆಲಸವನ್ನು ನಾವು ಕಲಿಸುವುದೇ ಇಲ್ಲ!

ಇದರ ನಷ್ಟ ಬರೀ ಗೋಲುಗಳ ಲೆಕ್ಕದಲ್ಲಿ ಮುಗಿಯುವುದಿಲ್ಲ. ಮಕ್ಕಳ ಆಟವನ್ನು ಹತ್ತು ನಿಮಿಷ ಗಮನವಿಟ್ಟು ನೋಡಿದವರಿಗೆ ಇದು ತಿಳಿಯುತ್ತದೆ. ಯಾವ ಹುಡುಗನ ಕಾಲಿಗೆ ತಾಗಿದ ಚೆಂಡು ಮೂರು ಸಲ ಎದುರಾಳಿಗಳ ಪಾಲಾಯಿತೋ ಅವನಿಗೆ ನಾಲ್ಕನೇ ಪಾಸ್ ಯಾರೂ ಕೊಡುವುದಿಲ್ಲ. ಅವನು ಕೈ ಎತ್ತಿ ಕೇಳುತ್ತಾನೆ, ಬದಿಯಲ್ಲಿ ಓಡುತ್ತಾನೆ, ಚೆಂಡು ಮಾತ್ರ ಬರುವುದಿಲ್ಲ. ಕೆಲವು ದಿನಗಳಲ್ಲಿ ಅವನು ಗೋಲ್ ಕೀಪರ್ ಆಗುತ್ತಾನೆ, ಆಮೇಲೆ ನೋಡುಗನಾಗುತ್ತಾನೆ, ಕೊನೆಗೆ ಬರುವುದನ್ನೇ ನಿಲ್ಲಿಸುತ್ತಾನೆ. ಅಂಥವರಲ್ಲಿ ಹೊಸದಾಗಿ ಸೇರಿದವರು, ಮೈಕಟ್ಟಿನಲ್ಲಿ ಸಣ್ಣವರು, ಹುಡುಗಿಯರು ಹೆಚ್ಚು. ಮಕ್ಕಳನ್ನು ಒಂದುಗೂಡಿಸಲೆಂದು ತಂದ ಚೆಂಡು ಹೀಗೆ ಕೆಲವರನ್ನು ಹೊರಗಿಡುವ ಸಾಧನವಾಗುವುದನ್ನು ತಪ್ಪಿಸಲು ಸಾಧ್ಯವಿದೆ. ಚೆಂಡು ತೆಗೆದುಕೊಳ್ಳುವುದು ಹುಟ್ಟಿನಿಂದ ಬಂದ ವರವಲ್ಲ. ಕಲಿಸಿದರೆ ಬರುವ ವಿದ್ಯೆ.

ಉತ್ತರ ಕರ್ನಾಟಕದ ಶಾಲೆ, ಹಾಸ್ಟೆಲುಗಳಲ್ಲಿ ಸೇವೆ ಸಲ್ಲಿಸುತ್ತಿರುವ ನಮ್ಮ ಕರಾವಳಿಯ ಧರ್ಮಗುರುಗಳು, ಧರ್ಮಭಗಿನಿಯರು, ಶಿಕ್ಷಕ ಶಿಕ್ಷಕಿಯರು ಅನೇಕರಿದ್ದಾರೆ. ಅವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನದಲ್ಲಿ ನಾವು ಬೆಳಗಾವಿ ಜಿಲ್ಲೆ ಅಥಣಿ ತಾಲೂಕಿನ ಸತ್ತಿಯಂತಹ ಊರನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಕೃಷ್ಣಾ ನದಿಯ ತೀರದ, ಕಪ್ಪು ಎರೆಮಣ್ಣಿನ, ಕಬ್ಬು ಬೆಳೆಯುವ ಊರು ಅದು. ಹುಲ್ಲಿನ ಮೈದಾನಕ್ಕೆಂದು ಬರೆದ ತರಬೇತಿ ಪುಸ್ತಕ ಅಂತಹ ನೆಲದಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ಅಲ್ಲಿ ನಡೆಯುವ ವಿಧಾನ ನಮ್ಮ ಮುರಕಲ್ಲಿನ ಮೈದಾನಗಳಲ್ಲಿಯೂ ನಡೆಯುತ್ತದೆ.

ಆ ಭಾಗದಲ್ಲಿ ಕುಸ್ತಿ, ಕಬಡ್ಡಿ, ಖೋ ಖೋ ಆಟಗಳದೇ ಮೇಲುಗೈ ಎಂಬುದು ನಿಜ. ಆದರೆ ಫುಟ್ಬಾಲ್ ಅಲ್ಲಿಂದ ಬಹಳ ದೂರವೇನೂ ಇಲ್ಲ. ನಿಪ್ಪಾಣಿಯಿಂದ ಸುಮಾರು 40 ಕಿ.ಮೀ. ಹೋದರೆ ಕೊಲ್ಹಾಪುರ. ಅಲ್ಲಿ ಕುಸ್ತಿಯ ತಾಲೀಮುಗಳೇ ಫುಟ್ಬಾಲ್ ತಂಡಗಳನ್ನು ಕಟ್ಟಿ ಬೆಳೆಸಿವೆ. ಪಾಟಾಕಡೀಲ್ ತಾಲೀಮ್, ಖಂಡೋಬಾ ತಾಲೀಮ್, ದಿಲ್‌ಬಹಾರ್ ತಾಲೀಮ್ ಎಂಬ ಹೆಸರುಗಳು ಇಂದಿಗೂ ಫುಟ್ಬಾಲ್ ತಂಡಗಳ ಹೆಸರುಗಳೇ. ರಾಜರ್ಷಿ ಶಾಹೂ ಕ್ರೀಡಾಂಗಣದಲ್ಲಿ ಇವುಗಳ ಪಂದ್ಯವಿದ್ದರೆ ಪೇಟೆಗೆ ಪೇಟೆಯೇ ಅಲ್ಲಿ ಸೇರುತ್ತದೆ. 2017ರಲ್ಲಿ ಭಾರತದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತ ತಂಡದ ಮುಂಚೂಣಿಯಲ್ಲಿ ಆಡಿದ ಅನಿಕೇತ್ ಜಾಧವ್ ಕೊಲ್ಹಾಪುರದ ಹುಡುಗ. ಇತ್ತ ಬೆಳಗಾವಿಯಲ್ಲಿ, 1856ರಲ್ಲಿ ಆರಂಭವಾದ ಸಂತ ಪೌಲರ ಪ್ರೌಢಶಾಲೆಯ ಫಾದರ್ ಎಡ್ಡಿ ಸ್ಮಾರಕ ಅಂತರಶಾಲಾ ಪಂದ್ಯಾಟ ಎಷ್ಟೋ ತಲೆಮಾರಿನ ಹುಡುಗರಿಗೆ ಮೊದಲ ದೊಡ್ಡ ಪಂದ್ಯವಾಗಿದೆ.

ಒಳ್ಳೆಯ ಬೂಟು, ಒಳ್ಳೆಯ ಮೈದಾನ ಇಲ್ಲದೆ ಚೆಂಡಿನ ಮೇಲೆ ಹಿಡಿತ ಸಾಧ್ಯವೇ ಎಂದು ಕೇಳುವವರಿಗೆ ನಾವು ಅಹ್ಮದ್ ಖಾನ್ ಅವರ ಹೆಸರು ಹೇಳುತ್ತೇವೆ. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇವರು 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಆಡಿದವರು, 1951ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು. ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡದ 'ಪಂಚ ಪಾಂಡವರು' ಎಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಇವರೊಬ್ಬರು. ಬರಿಗಾಲಲ್ಲಿ ಆಡುತ್ತಿದ್ದ ಅವರ ಹಿಡಿತವನ್ನು ಕಂಡ ಅಭಿಮಾನಿಗಳು ಅವರನ್ನು ಹಾವಾಡಿಗ ಎಂದು ಕರೆದರು. ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ವಿರುದ್ಧ ಭಾರತ 1-10ರಿಂದ ಸೋತಾಗ ನಮ್ಮ ಪರವಾಗಿ ಬಂದ ಆ ಒಂದು ಗೋಲು ಅವರದೇ. ಆ ಸೋಲಿನ ನಂತರ ನಮ್ಮಲ್ಲಿ ಬೂಟು ಕಡ್ಡಾಯವಾಯಿತು. ಅದು ಸರಿಯಾದ ತೀರ್ಮಾನವೇ. ಆದರೆ ಚೆಂಡನ್ನು ಚರ್ಮದಿಂದಲೇ ಅರಿಯುವ ವಿದ್ಯೆ ಬರಿಗಾಲಿನ ಮಕ್ಕಳಲ್ಲಿ ಇಂದಿಗೂ ಇದೆ. ಅದನ್ನು ಬಳಸಿಕೊಳ್ಳುವ ಬಗೆ ನಮಗೆ ಗೊತ್ತಿರಬೇಕಷ್ಟೆ.

ಈಗ ವಿಷಯಕ್ಕೆ ಬರೋಣ. ಚೆಂಡು ಕಾಲಿಗೆ ತಾಗಿ ಸಿಡಿದು ಹೋಗುವುದೇಕೆ? ಕಾಲು ಗೋಡೆಯಂತೆ ಬಿಗಿಯಾಗಿರುವುದರಿಂದ. ಗೋಡೆಗೆ ಹೊಡೆದ ಚೆಂಡು ಹಿಂದೆ ಬಂದಂತೆ ಬಿಗಿದ ಪಾದಕ್ಕೆ ಬಡಿದ ಚೆಂಡೂ ಹಿಂದೆ ಹೋಗುತ್ತದೆ. ಹೆಂಚಿನ ಮನೆಗೆ ಮಾಡು ಕಟ್ಟುವುದನ್ನು ನೋಡಿದ್ದೀರಲ್ಲ? ಕೆಳಗಿನವನು ಹೆಂಚನ್ನು ಮೇಲಕ್ಕೆ ಎಸೆಯುತ್ತಾನೆ, ಮೇಲಿನವನು ಹಿಡಿಯುತ್ತಾನೆ. ಹಿಡಿಯುವವನು ಕೈಯನ್ನು ಹೆಂಚಿಗೆ ಎದುರೊಡ್ಡುವುದಿಲ್ಲ. ಹೆಂಚು ಬರುವ ದಿಕ್ಕಿಗೇ ಕೈಯನ್ನು ಸ್ವಲ್ಪ ಹಿಂದಕ್ಕೆ ಸರಿಸುತ್ತಾ ಹಿಡಿಯುತ್ತಾನೆ. ಕ್ರಿಕೆಟ್ ಕ್ಯಾಚ್ ಹಿಡಿಯುವ ಹುಡುಗನೂ ಹೀಗೆಯೇ ಮಾಡುತ್ತಾನೆ. ಬರುವ ಚೆಂಡನ್ನು 2 ಸೆಂ.ಮೀ. ದೂರದಲ್ಲಿ ನಿಲ್ಲಿಸುವ ಬದಲು 20 ಸೆಂ.ಮೀ. ದೂರದಲ್ಲಿ ನಿಲ್ಲಿಸಿದರೆ ಪಾದದ ಮೇಲೆ ಬೀಳುವ ಸರಾಸರಿ ಬಲ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಹೈಸ್ಕೂಲಿನ ವಿಜ್ಞಾನ ಪಾಠದ ಲೆಕ್ಕವಿದು.

ಹಾಗಾಗಿ ಮಕ್ಕಳಿಗೆ ಮೊದಲು ಕೈಯಿಂದ ಆಡಿಸಿ, ಆಮೇಲೆ ಕಾಲಿಗೆ ಬನ್ನಿ. ಇಬ್ಬರನ್ನು ಎದುರು ಬದುರಾಗಿ ಐದು ಹೆಜ್ಜೆ ದೂರದಲ್ಲಿ ನಿಲ್ಲಿಸಿ ನೀರು ತುಂಬಿದ ಬಲೂನನ್ನೋ ಹಸಿ ಮಣ್ಣಿನ ಉಂಡೆಯನ್ನೋ ಎಸೆದು ಹಿಡಿಯಲು ಹೇಳಿ. ಒಡೆಯದಂತೆ ಹಿಡಿಯುವ ಉಪಾಯವನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ಅನಂತರ "ಇದನ್ನೇ ಕಾಲಿನಿಂದ ಮಾಡು" ಎಂದರೆ ಸಾಕು, ಉದ್ದದ ವಿವರಣೆ ಬೇಕಿಲ್ಲ.

ನೆಲದ ಮೇಲೆ ಬರುವ ಚೆಂಡಿಗೆ ಪಾದದ ಒಳಬದಿಯೇ ಸುಲಭ, ಏಕೆಂದರೆ ಅಲ್ಲಿ ಅಗಲ ಹೆಚ್ಚು. ಊರಿ ನಿಂತ ಕಾಲಿನ ಮಂಡಿ ಸ್ವಲ್ಪ ಬಾಗಿರಬೇಕು. ಚೆಂಡು ತೆಗೆದುಕೊಳ್ಳುವ ಪಾದವನ್ನು ಹೊರಕ್ಕೆ ತಿರುಗಿಸಿ ಚೆಂಡಿನ ನಡುಮಟ್ಟಕ್ಕೆ ಎತ್ತಬೇಕು. ಪಾದ ತೀರಾ ಕೆಳಗಿದ್ದರೆ ಚೆಂಡು ಅದರ ಮೇಲೆ ಹತ್ತಿ ಹಾರುತ್ತದೆ, ತೀರಾ ಮೇಲಿದ್ದರೆ ಅಡಿಯಿಂದ ನುಸುಳಿ ಹೋಗುತ್ತದೆ. ಪಾದವನ್ನು ಮೊದಲು ಚೆಂಡಿನತ್ತ ಒಂದು ಗೇಣು ಮುಂದೆ ಕಳುಹಿಸಬೇಕು, ತಾಗುವ ಕ್ಷಣದಲ್ಲಿ ಹಿಂದಕ್ಕೆ ತರಬೇಕು. ಅನೇಕ ತರಬೇತುದಾರರು "ಹಿಂದಕ್ಕೆ ತಾ" ಎಂದಷ್ಟೇ ಹೇಳುತ್ತಾರೆ. ಮುಂದೆ ಕಳುಹಿಸದ ಪಾದವನ್ನು ಹಿಂದಕ್ಕೆ ತರುವುದು ಎಲ್ಲಿಂದ?

ಇಷ್ಟು ಬಂದ ಮೇಲೆ ಎರಡನೆಯ ಪಾಠ. ಇದನ್ನು ನಾವು ಮೊದಲನೆಯದಕ್ಕಿಂತ ದೊಡ್ಡದೆಂದು ಎಣಿಸುತ್ತೇವೆ. ಚೆಂಡನ್ನು ಕಾಲಡಿಯಲ್ಲಿ ಸತ್ತಂತೆ ನಿಲ್ಲಿಸಿಬಿಡುವುದು ಒಳ್ಳೆಯ ಹಿಡಿತವಲ್ಲ. ಕಾಲಡಿಯಲ್ಲೇ ಸಿಕ್ಕಿಕೊಂಡ ಚೆಂಡನ್ನು ಒದೆಯಲು ಹುಡುಗ ಮತ್ತೆ ಒಂದು ಹೆಜ್ಜೆ ಹಿಂದೆ ಹೋಗಬೇಕು. ಅಷ್ಟರಲ್ಲಿ ಎದುರಾಳಿ ಬಂದಿರುತ್ತಾನೆ. ಮೊದಲ ಸ್ಪರ್ಶದಲ್ಲೇ ಚೆಂಡು ಒಂದು ಹೆಜ್ಜೆಯಷ್ಟು ದೂರಕ್ಕೆ, ತಾನು ಹೋಗಬೇಕಾದ ದಿಕ್ಕಿಗೆ, ಎದುರಾಳಿ ಇಲ್ಲದ ಕಡೆಗೆ ಉರುಳಬೇಕು. ಹಾಗೆ ಮಾಡಬೇಕಾದರೆ ಎದುರಾಳಿ ಎಲ್ಲಿದ್ದಾನೆಂದು ಚೆಂಡು ಬರುವುದಕ್ಕೆ ಮೊದಲೇ ತಿಳಿದಿರಬೇಕು. ಅಂದರೆ ಜೊತೆಗಾರ ಪಾಸ್ ಕೊಡುವ ಮೊದಲು ಒಮ್ಮೆ, ಚೆಂಡು ದಾರಿಯಲ್ಲಿರುವಾಗ ಇನ್ನೊಮ್ಮೆ ಹೆಗಲ ಮೇಲಿಂದ ಹಿಂದಕ್ಕೆ ನೋಡಬೇಕು. ಚೆಂಡನ್ನೇ ನೋಡುತ್ತಾ ನಿಲ್ಲುವುದು ಮಕ್ಕಳ ಸಹಜ ಗುಣ. ಈ ಅಭ್ಯಾಸ ಬಿಡಿಸಲು ಒಂದು ಸರಳ ಆಟವಿದೆ. ಚೆಂಡು ತೆಗೆದುಕೊಳ್ಳುವವನ ಹಿಂದೆ ಇನ್ನೊಬ್ಬ ಹುಡುಗ ನಿಂತು ಬೆರಳುಗಳನ್ನು ಎತ್ತಿ ಹಿಡಿಯಲಿ. ಚೆಂಡು ಬರುವಷ್ಟರಲ್ಲಿ ಹೊರಳಿ ನೋಡಿ ಎಷ್ಟು ಬೆರಳು ಎಂದು ಗಟ್ಟಿಯಾಗಿ ಹೇಳಿದ ಮೇಲೆಯೇ ಚೆಂಡನ್ನು ತೆಗೆದುಕೊಳ್ಳಬೇಕು. ಮೊದಲ ದಿನ ನಗೆಪಾಟಲಾಗುತ್ತದೆ, ಆಗಲಿ. ವಾರದೊಳಗೆ ತಲೆ ತಾನಾಗಿಯೇ ತಿರುಗತೊಡಗುತ್ತದೆ.

ನಿಲ್ಲುವ ಭಂಗಿಯ ವಿಷಯದಲ್ಲಿ ಸತ್ತಿ ಕಡೆಯ ಮಕ್ಕಳು ನಮ್ಮವರಿಗಿಂತ ಮುಂದಿದ್ದಾರೆ ಎಂದರೂ ತಪ್ಪಿಲ್ಲ. ಕಬಡ್ಡಿ ಆಡುವ ಹುಡುಗ ಎದುರು ತಂಡದ ಅಂಕಣದಲ್ಲಿ ನೆಟ್ಟಗೆ ನಿಲ್ಲುವುದಿಲ್ಲ. ಮಂಡಿ ಬಾಗಿಸಿ, ಮುಂಗಾಲಿನ ಮೇಲೆ ಭಾರ ಹಾಕಿ, ಮೈಯನ್ನು ಓರೆಯಾಗಿ ಇಟ್ಟುಕೊಂಡು ಎರಡೂ ಬದಿ ಕಾಣುವಂತೆ ನಿಲ್ಲುತ್ತಾನೆ. ಫುಟ್ಬಾಲಿನಲ್ಲಿ ಪಾಸ್‌ಗಾಗಿ ನಿಲ್ಲಬೇಕಾದ ರೀತಿ ಹೆಚ್ಚುಕಡಿಮೆ ಅದೇ. ಚೆಂಡು ಬರುವ ದಿಕ್ಕಿಗೆ ಎದೆಯನ್ನು ಪೂರ್ತಿ ಒಡ್ಡಿ ನಿಂತವನಿಗೆ ಬಂದ ದಾರಿಯಲ್ಲೇ ಚೆಂಡನ್ನು ಹಿಂದೆ ಕಳುಹಿಸುವುದು ಬಿಟ್ಟು ಬೇರೆ ದಾರಿ ಕಾಣುವುದಿಲ್ಲ. ಓರೆಯಾಗಿ ನಿಂತವನು ದೂರದ ಕಾಲಿನಿಂದ, ಅಂದರೆ ಪಾಸ್ ಕೊಟ್ಟವನಿಗೆ ದೂರವಾದ ಪಾದದಿಂದ, ಚೆಂಡನ್ನು ತೆಗೆದುಕೊಂಡರೆ ಅದೇ ಸ್ಪರ್ಶದಲ್ಲಿ ಮುಂದಕ್ಕೆ ತಿರುಗಿರುತ್ತಾನೆ. ಹಿಂದೆ ಎದುರಾಳಿ ಅಂಟಿಕೊಂಡಿದ್ದರೆ ಮಾತ್ರ ಮೈಯನ್ನು ನಡುವೆ ಅಡ್ಡವಿಟ್ಟು, ಎದುರಾಳಿಗೆ ದೂರವಾದ ಕಾಲಿನಲ್ಲಿ ಚೆಂಡನ್ನು ಕಾಪಾಡಿಕೊಳ್ಳಬೇಕು. ಕುಸ್ತಿ ಕಲಿತ ಹುಡುಗನಿಗೆ ಇದನ್ನು ಹೇಳಿಕೊಡುವುದೇ ಬೇಡ.

ಇನ್ನು ನೆಲ. ಎರೆಮಣ್ಣು ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಗರಸು ಹಾಕಿ ಗಟ್ಟಿ ಮಾಡಿದ ಅಂಗಳವಾದರೆ ಸಣ್ಣ ಕಲ್ಲುಗಳು ಮೇಲೆದ್ದಿರುತ್ತವೆ. ಅಂತಹ ನೆಲದಲ್ಲಿ ಚೆಂಡು ನೇರವಾಗಿ ಉರುಳುತ್ತದೆಂಬ ಭರವಸೆ ಇಲ್ಲ. ಕೊನೆಯ ಎರಡು ಹೆಜ್ಜೆಯಲ್ಲಿ ಪುಟಿದು ಮಂಡಿಗೆ ಬಂದೀತು. ಆದುದರಿಂದ ಅಲ್ಲಿ ಎರಡು ಬದಲಾವಣೆ ಬೇಕು. ಒಂದು, ಚೆಂಡಿಗಾಗಿ ಕಾಯದೆ ಅದರತ್ತ ಎರಡು ಹೆಜ್ಜೆ ಹೋಗಬೇಕು. ಚೆಂಡು ಎಷ್ಟು ಹೆಚ್ಚು ದೂರ ಉರುಳುತ್ತದೋ ಅಷ್ಟು ಹೆಚ್ಚು ಕಲ್ಲುಗಳನ್ನು ಅದು ಭೇಟಿ ಮಾಡುತ್ತದೆ. ಎರಡು, ಅಂಗಾಲಿನ ಬಳಕೆ. ಪುಟಿದು ಬರುವ ಚೆಂಡು ನೆಲ ಮುಟ್ಟುವ ಕ್ಷಣದಲ್ಲೇ ಹಿಮ್ಮಡಿಯನ್ನು ಕೆಳಗಿಟ್ಟು ಬೆರಳುಗಳನ್ನು ಮೇಲೆತ್ತಿ ಪಾದದಿಂದ ಮಾಡಿನಂತೆ ಇಳಿಜಾರು ಮಾಡಿದರೆ, ಚೆಂಡು ನೆಲಕ್ಕೂ ಅಂಗಾಲಿಗೂ ನಡುವೆ ಸಿಕ್ಕಿ ನಿಲ್ಲುತ್ತದೆ. ಚೆಂಡಿನ ಮೇಲೆ ತುಳಿಯಬಾರದು, ತುಳಿದವನು ಬೀಳುತ್ತಾನೆ. ಹುಲ್ಲಿನ ಮೈದಾನದ ಪುಸ್ತಕಗಳು ಅಂಗಾಲಿನ ವಿಷಯವನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ಗಟ್ಟಿ ನೆಲದ ಮಕ್ಕಳಿಗೆ ಅದೇ ಮುಖ್ಯ ಆಯುಧ.

ಚೆಂಡಿನ ಆಯ್ಕೆಯಲ್ಲಿಯೂ ಎಚ್ಚರ ಬೇಕು. ದೊಡ್ಡವರ ಪಂದ್ಯದ ಚೆಂಡು 5ನೇ ಅಳತೆಯದು. ಸುತ್ತಳತೆ 68ರಿಂದ 70 ಸೆಂ.ಮೀ., ತೂಕ 410ರಿಂದ 450 ಗ್ರಾಂ. ದಾನಿಗಳು ಕೊಡುವುದು ಸಾಮಾನ್ಯವಾಗಿ ಇದನ್ನೇ. ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗೆ 4ನೇ ಅಳತೆಯದು ಸಾಕು, ಅದಕ್ಕಿಂತ ಚಿಕ್ಕವರಿಗೆ 3ನೇ ಅಳತೆ. ನೆಲ ಗಟ್ಟಿಯಾಗಿದ್ದಲ್ಲಿ ಒಳಾಂಗಣ ಆಟದ ಫುಟ್ಸಾಲ್ ಚೆಂಡು ಇನ್ನೂ ಒಳ್ಳೆಯದು ಎಂಬುದು ನಮ್ಮ ಅನಿಸಿಕೆ. ಅದನ್ನು 2 ಮೀಟರ್ ಎತ್ತರದಿಂದ ಬಿಟ್ಟರೆ 50ರಿಂದ 65 ಸೆಂ.ಮೀ. ಮಾತ್ರ ಪುಟಿಯಬೇಕೆಂಬ ನಿಯಮವಿದೆ. ಸಾಮಾನ್ಯ ಚೆಂಡು ಅಷ್ಟೇ ಎತ್ತರದಿಂದ ಬಿದ್ದರೆ ಅದರ ಎರಡು ಪಟ್ಟಿಗೂ ಹೆಚ್ಚು ಪುಟಿಯುತ್ತದೆ. ಫುಟ್ಸಾಲ್ ಚೆಂಡು ಕೊಳ್ಳಲು ಹಣವಿಲ್ಲದಿದ್ದರೆ ಇರುವ ಚೆಂಡಿನ ಗಾಳಿಯನ್ನು ಸ್ವಲ್ಪ ಇಳಿಸಿ. ಕಲ್ಲಿನಂತೆ ಗಾಳಿ ತುಂಬಿದ ಚೆಂಡಿನಿಂದ ಬರಿಗಾಲಿನ ಮಗು ಕಲಿಯುವುದು ಹೆದರಿಕೆಯೊಂದನ್ನೇ. ಆಟಕ್ಕೆ ಮೊದಲು ಮಕ್ಕಳೆಲ್ಲ ಸಾಲಾಗಿ ಮೈದಾನವನ್ನು ಒಮ್ಮೆ ನಡೆದು ಕಲ್ಲು, ಜಾಲಿ ಮುಳ್ಳು, ಗಾಜಿನ ಚೂರು ಹೆಕ್ಕಲಿ. ನದಿಯ ನೆರೆ ಇಳಿದ ಮೇಲಂತೂ ಇದು ತಪ್ಪಬಾರದು. 2019ರ ಆಗಸ್ಟ್‌ನಂತಹ ಪ್ರವಾಹ ಏನನ್ನು ತಂದು ಎಲ್ಲಿ ಬಿಟ್ಟಿರುತ್ತದೆಂದು ಹೇಳಲಾಗದು.

ಗಾಳಿಯಲ್ಲಿ ಬರುವ ಚೆಂಡಿಗೂ ನಿಯಮ ಅದೇ, ಅಂಗ ಮಾತ್ರ ಬೇರೆ. ತೊಡೆಯಾದರೆ ಎತ್ತಿ ಹಿಡಿದು ತಾಗುವಾಗ ಇಳಿಸಬೇಕು. ಎದೆಯಾದರೆ ಕೈಗಳನ್ನು ಬದಿಗೆ ಚಾಚಿ, ಚೆಂಡು ತಾಗುವಾಗ ಉಸಿರು ಬಿಟ್ಟು ಎದೆಯನ್ನು ಒಳಕ್ಕೆ ಎಳೆದುಕೊಳ್ಳಬೇಕು. ದೊಡ್ಡ ಮಕ್ಕಳಿಗೆ 1998ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನ ಗೋಲೊಂದನ್ನು ಮೊಬೈಲಿನಲ್ಲಿ ತೋರಿಸಿ. ಅರ್ಜೆಂಟೀನಾ ವಿರುದ್ಧ ಪಂದ್ಯ ಮುಗಿಯುವ ಹೊತ್ತಿಗೆ ನೆದರ್ಲೆಂಡ್ಸಿನ ಫ್ರಾಂಕ್ ಡಿ ಬೋರ್ ತಮ್ಮ ಅರ್ಧದಿಂದ ಎತ್ತಿ ಕಳುಹಿಸಿದ ಚೆಂಡನ್ನು ಡೆನ್ನಿಸ್ ಬರ್ಗ್‌ಕಾಂಪ್ ಹಾರಿ ಒಂದೇ ಪಾದದಲ್ಲಿ ಇಳಿಸಿಕೊಂಡರು, ಎರಡನೇ ಸ್ಪರ್ಶದಲ್ಲಿ ಡಿಫೆಂಡರನನ್ನು ದಾಟಿದರು, ಮೂರನೆಯದರಲ್ಲಿ ಗೋಲು! ಎಲ್ಲರೂ ಮೂರನೆಯದನ್ನು ಹೊಗಳುತ್ತಾರೆ, ಮಕ್ಕಳಿಗೆ ಮೊದಲನೆಯದನ್ನು ಮತ್ತೆ ಮತ್ತೆ ತೋರಿಸಬೇಕು. ಬರ್ಗ್‌ಕಾಂಪ್ ಬಾಲ್ಯದಲ್ಲಿ ಗಂಟೆಗಟ್ಟಲೆ ಗೋಡೆಗೆ ಚೆಂಡು ಒದೆದು, ಅದು ಹೇಗೆ ಹಿಂದೆ ಬರುತ್ತದೆಂದು ನೋಡುತ್ತಾ ಕಲಿತವರು. ಶಾಲೆಯ ಹಿಂಬದಿಯ ಗೋಡೆಯೊಂದನ್ನು ಮಕ್ಕಳಿಗೆ ಬಿಟ್ಟುಕೊಡಲು ಮುಖ್ಯೋಪಾಧ್ಯಾಯರಲ್ಲಿ ವಿನಂತಿಸಿಕೊಳ್ಳಬಹುದು. ಸುಣ್ಣ ಸ್ವಲ್ಪ ಕೆಡುತ್ತದೆ ನಿಜ.

ತಲೆಯಿಂದ ಚೆಂಡು ಹೊಡೆಯುವುದನ್ನು ಮಾತ್ರ ಸಣ್ಣವರಿಗೆ ಕಲಿಸಬೇಡಿ. ಅಮೆರಿಕದ ಫುಟ್ಬಾಲ್ ಸಂಸ್ಥೆ 2015ರಲ್ಲಿ ಹತ್ತು ವರ್ಷ ಮತ್ತು ಅದಕ್ಕಿಂತ ಕೆಳಗಿನ ಮಕ್ಕಳಿಗೆ ಇದನ್ನು ನಿಲ್ಲಿಸಿತು. ಇಂಗ್ಲೆಂಡಿನ ಸಂಸ್ಥೆ 2020ರಲ್ಲಿ ಪ್ರಾಥಮಿಕ ಶಾಲಾ ವಯಸ್ಸಿನ ಮಕ್ಕಳ ತರಬೇತಿಯಲ್ಲಿ ಇದು ಬೇಡವೆಂದು ಸೂಚಿಸಿತು.

ನಲವತ್ತು ಮಕ್ಕಳು, ಒಂದೇ ಚೆಂಡು ಇರುವಲ್ಲಿ ಏನು ಮಾಡುವುದು? ಪ್ರಶ್ನೆ ನ್ಯಾಯವಾದದ್ದೇ. ಸಾಲು ಕಟ್ಟಿಸಿದರೆ ಒಬ್ಬ ಮಗುವಿಗೆ ಸರದಿ ಬರುವಷ್ಟರಲ್ಲಿ ಸಂಜೆಯಾಗುತ್ತದೆ. ಹಳೆಯ ಟೆನಿಸ್ ಚೆಂಡುಗಳನ್ನು, ಬಟ್ಟೆ ಸುತ್ತಿ ಕಟ್ಟಿದ ಚೆಂಡುಗಳನ್ನು ಬಳಸಿ ಮಕ್ಕಳನ್ನು ಜೋಡಿ ಜೋಡಿಯಾಗಿ ಬಿಡಿ. ಬಟ್ಟೆಯ ಚೆಂಡು ಪುಟಿಯುವುದಿಲ್ಲ, ಪಾದದ ಬಾಗು ಕಲಿಯಲು ಅದು ಧಾರಾಳ. ಟೆನಿಸ್ ಚೆಂಡು ಸಣ್ಣದು. ಅದನ್ನು ನಿಲ್ಲಿಸಲು ಕಲಿತವನಿಗೆ ದೊಡ್ಡ ಚೆಂಡು ಕುಂಬಳಕಾಯಿಯಂತೆ ಕಾಣುತ್ತದೆ. ನಿಜವಾದ ಚೆಂಡನ್ನು ಎಂಟು ಮಂದಿಯ ವೃತ್ತದಲ್ಲಿಡಿ, ನಡುವೆ ಇಬ್ಬರು ಕಸಿಯುವವರು ಇರಲಿ. ವೃತ್ತದವರು ಎರಡೇ ಸ್ಪರ್ಶದಲ್ಲಿ, ಅಂದರೆ ಒಂದರಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಕೊಟ್ಟು, ಆಡಬೇಕು. ಐದೈದು ನಿಮಿಷಕ್ಕೆ ಗುಂಪು ಬದಲಾಗಲಿ. ಎಡಗಾಲಿಗೂ ಪಾಲು ಕೊಡಿ. ದಿನಕ್ಕೆ ಇಪ್ಪತ್ತು ನಿಮಿಷ ಇಷ್ಟಾದರೆ ಉಳಿದ ಹೊತ್ತು ಮಕ್ಕಳು ಬೇಕಾದಂತೆ ಆಡಿಕೊಳ್ಳಲಿ.

ತಪ್ಪು ಯಾವಾಗಲೂ ತೆಗೆದುಕೊಂಡವನದೇ ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಮೂರು ಹೆಜ್ಜೆ ದೂರದಿಂದ ಬಲವಾಗಿ ಬಾರಿಸಿ "ಹಿಡಿಯಲಿಕ್ಕೆ ಬರುವುದಿಲ್ಲವಾ?" ಎಂದು ಬೈಯುವ ಹಿರಿಯ ಹುಡುಗರು ಎಲ್ಲ ಮೈದಾನದಲ್ಲೂ ಇದ್ದಾರೆ. ಪಾಸ್ ಕೆಟ್ಟಾಗ ತರಬೇತುದಾರರು ಮೊದಲು ಕೊಟ್ಟವನ ಕಡೆ ನೋಡಿದರೆ ಈ ಬೈಗುಳ ಬೇಗ ನಿಲ್ಲುತ್ತದೆ. ಹಾಗೆಯೇ ಬದಿಯಲ್ಲಿ ನಿಂತ ನಾವು ಹಿರಿಯರು "ಹೊಡಿ, ಹೊಡಿ!" ಎಂದು ಕೂಗುವುದನ್ನು ಬಿಡಬೇಕು. ಆ ಕೂಗು ಕೇಳಿದ ಮಗು ಚೆಂಡನ್ನು ತೆಗೆದುಕೊಳ್ಳುವ ಯೋಚನೆ ಬಿಟ್ಟು, ಬಂದ ಕಡೆಗೇ ಬೀಸಿ ಒದೆಯುತ್ತದೆ.

ಕೂಗಬೇಕಾದವರು ಜೊತೆಗಾರರು. ಚೆಂಡಿನತ್ತ ಕಣ್ಣು ನೆಟ್ಟವನಿಗೆ ಬೆನ್ನ ಹಿಂದಿನ ಸುದ್ದಿಯನ್ನು ಹೇಳಬೇಕಾದವರು ಅವರೇ. ಅದಕ್ಕೆ ಇಂಗ್ಲಿಷ್ ಮಾತುಗಳು ಬೇಕಾಗಿಲ್ಲ. ಅಥಣಿ ಕಡೆಯ ಮಕ್ಕಳಿಗೆ, ಹಿಂದೆ ಎದುರಾಳಿ ಇದ್ದರೆ "ಬಂದಾ!", ಯಾರೂ ಇಲ್ಲದಿದ್ದರೆ "ಹೊಳ್ಳು!" ಎಂಬ ಎರಡು ಮಾತು ಸಾಕು. ನಮ್ಮ ಕಡೆ ತುಳುವಿನಲ್ಲಿ "ಬತ್ತೆ!", ಕೊಂಕಣಿಯಲ್ಲಿ "ಆಯ್ಲೊ!" ಆದೀತು. ಒಂದು ತಂಡದಲ್ಲಿ ಒಂದೇ ಮಾತು ಗೊತ್ತುಮಾಡಿಕೊಂಡು, ಚೆಂಡು ತಾಗುವುದಕ್ಕೆ ಮೊದಲೇ ಕೂಗುವುದನ್ನು ರೂಢಿಸಿ. ತಾಗಿದ ಮೇಲೆ ಕೂಗಿದರೆ ಅವನು ಆಗಲೇ ಒಂದು ಕಡೆ ತಿರುಗಿರುತ್ತಾನೆ.